ದುಃಖದ ಮನೆಗಳಲ್ಲಿ ಆಸರೆ ಬೇಕಾದ ಮನೆಯನ್ನು ಗುರುತಿಸುವದು

(ಸಭೆಯ ಹಿರಿಯರಿಗೂ ಉಪದೇಶಿಗಳಿಗೂ ಸ್ತ್ರೀಯರ ಕೂಟದವರಿಗೂ ಒಂದು ಪಾಠ)

ಓದತಕ್ಕ ಭಾಗಗಳು: ಅಪೊಸ್ತಲರ ಕೃತ್ಯಗಳು ೬: ೧–೬, ಯೋಬ ೨: ೧೧–೧೩.

ಯೆರೂಸಲೇಮಿನ ಮೊದಲನೆಯ ಸಭೆಯಲ್ಲಿ ಪ್ರತಿದಿನವೂ ಬಡವರಿಗೆ ಆಹಾರವನ್ನು ಹಂಚುತ್ತಿದ್ದ ಕಾಲದಲ್ಲಿ, ಗ್ರೀಕ್ ಮಾತನಾಡುವ ವಿಧವೆಯರಲ್ಲಿ ಕೆಲವರಿಗೆ ಏನೂ ಸಿಕ್ಕದೆ ಹೋಯಿತು. ಆ ಸಭೆಯವರಲ್ಲಿ ಪ್ರೀತಿಯು ಕಡಿಮೆಯಾಗಿತ್ತೆಂದು ಹೇಳಲಾಗದು. ತಮಗಿದ್ದದ್ದನ್ನು ಮಾರಿ ಹಂಚಿಕೊಂಡವರು ಅವರೇ. ಆದರೆ ಯಾರು ಬಿಟ್ಟುಹೋಗಿದ್ದಾರೆಂದು ನೋಡುವದು ಯಾರೊಬ್ಬರ ಕೆಲಸವೂ ಆಗಿರಲಿಲ್ಲ. ಆದಕಾರಣ ಆ ಕೆಲಸಕ್ಕೆಂದೇ ಏಳು ಮಂದಿಯನ್ನು ಆರಿಸಿ ನೇಮಿಸಬೇಕಾಯಿತು.

ನಮ್ಮ ಹಳ್ಳಿಯ ಸಭೆಗಳಲ್ಲಿಯೂ ಹೀಗೆಯೇ ನಡೆಯುತ್ತದೆ. ಒಂದು ಮನೆಯಲ್ಲಿ ಮರಣವಾದರೆ ಆ ದಿನ ಊರೆಲ್ಲಾ ಅಲ್ಲಿ ಕೂಡುತ್ತದೆ. ಹತ್ತು ದಿನ ಅನ್ನವು ಅಕ್ಕಪಕ್ಕದ ಮನೆಗಳಿಂದ ಬರುತ್ತದೆ. ಒಂದು ತಿಂಗಳಾದ ಮೇಲೆ ಬರುವವರು ಕಡಿಮೆಯಾಗುತ್ತಾರೆ. ಮೂರು ತಿಂಗಳಾದ ಮೇಲೆ ಆ ಮನೆಯವರು ಆರಾಧನೆಗೆ ಬಾರದಿದ್ದರೂ ಯಾಕೆಂದು ಕೇಳುವವರಿಲ್ಲ. ಕೆಲವು ಮನೆಗಳು ಆ ಹೊತ್ತಿಗೆ ತಾವಾಗಿಯೇ ಎದ್ದು ನಿಂತಿರುತ್ತವೆ. ಇನ್ನು ಕೆಲವು ಮನೆಗಳು ಒಳಗೊಳಗೇ ಕುಸಿಯುತ್ತಿರುತ್ತವೆ. ಕ್ಯಾನ್ಸರ್ ರೋಗದಿಂದ ಒಬ್ಬರನ್ನು ಕಳಕೊಂಡ ಮನೆಗಳಲ್ಲಿ ಈ ಎರಡನೆಯ ತರದವುಗಳನ್ನು ಗುರುತಿಸುವದು ಹೇಗೆ, ಗುರುತಿಸಿದ ಮೇಲೆ ಮಾಡತಕ್ಕದ್ದು ಏನು ಎಂಬದೇ ಈ ಪಾಠದ ವಿಷಯ.

೧. ದುಃಖವೆಲ್ಲವೂ ರೋಗವಲ್ಲ

ಮೊದಲು ತಿಳಿಯತಕ್ಕದ್ದೇನಂದರೆ, ಅಳುವ ಮನೆಯೆಲ್ಲವೂ ವೈದ್ಯನ ಸಹಾಯವನ್ನು ಬೇಡುವ ಮನೆಯಲ್ಲ. ದುಃಖಿಸುವದು ಪ್ರೀತಿಸಿದವರ ಲಕ್ಷಣ. ಆಸ್ಟ್ರೇಲಿಯಾ ದೇಶದಲ್ಲಿ ಮರಣದ ದುಃಖವನ್ನು ಅನುಭವಿಸಿದ ೬೭೮ ಮಂದಿಯನ್ನು ವಿಚಾರಿಸಿ ೨೦೧೫ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆಯ ಪ್ರಕಾರ, ನೂರರಲ್ಲಿ ಸುಮಾರು ೫೮ ಮಂದಿಗೆ ಬಂಧುಬಳಗದವರ ಮತ್ತು ಸ್ನೇಹಿತರ ಆಸರೆಯೇ ಸಾಕಾಗುವಂತಿತ್ತು. ಸುಮಾರು ೩೫ ಮಂದಿಗೆ ಅದಕ್ಕಿಂತ ಸ್ವಲ್ಪ ಹೆಚ್ಚಿನ ಸಹಾಯವು ಬೇಕಾಗಿತ್ತು. ಸುಮಾರು ೬ ಮಂದಿ ಮಾತ್ರ ಶಿಕ್ಷಣ ಹೊಂದಿದ ವೈದ್ಯರ ಸಹಾಯವು ಬೇಕಾಗುವಷ್ಟು ಕಷ್ಟದಲ್ಲಿದ್ದರು.

ಈ ಲೆಕ್ಕದಿಂದ ನಾವು ಎರಡು ಸಂಗತಿಗಳನ್ನು ಕಲಿಯಬಹುದು. ಒಂದನೆಯದು, ಎಲ್ಲರ ಬಾಗಿಲಿಗೂ ಒಂದೇ ಬಗೆಯ ಸಹಾಯವನ್ನು ಹೊತ್ತುಕೊಂಡು ಹೋಗಬೇಕಾಗಿಲ್ಲ. ಎರಡನೆಯದು, ನಡುವಿನ ಆ ೩೫ ಮಂದಿಯು ನೆರೆಯವರ ಕೈಗೆ ಸೇರಿದವರು. ಅವರಿಗೆ ವೈದ್ಯನೂ ಬೇಕಾಗಿಲ್ಲ, ಅವರನ್ನು ಅವರಷ್ಟಕ್ಕೇ ಬಿಟ್ಟರೂ ಆಗದು. ಹಳ್ಳಿಯ ಸಭೆಯು ಹೆಚ್ಚಾಗಿ ಪ್ರಯೋಜನಕ್ಕೆ ಬರುವದು ಇಂಥವರಿಗೇ.

ದುಃಖವು ರೋಗವಾಗಿ ತಿರುಗುವದೂ ಉಂಟು. ಮರಣವಾಗಿ ಆರು ತಿಂಗಳು ಕಳೆದ ಮೇಲೆಯೂ ಸತ್ತವರಿಗಾಗಿ ತೀವ್ರವಾದ ಹಂಬಲವು ಸ್ವಲ್ಪವೂ ತಗ್ಗದೆ, ಆ ಮನುಷ್ಯನು ಉಣ್ಣುವ, ಮಲಗುವ, ದುಡಿಯುವ ಶಕ್ತಿಯನ್ನು ಕಳಕೊಂಡಿದ್ದರೆ ಅದನ್ನು ಚಿಕಿತ್ಸೆ ಬೇಕಾದ ಒಂದು ಸ್ಥಿತಿಯೆಂದು ಲೋಕಾರೋಗ್ಯ ಸಂಸ್ಥೆಯವರ ರೋಗಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಈ ಪಟ್ಟಿಯು ೨೦೨೨ನೇ ಇಸವಿಯಿಂದ ಜಾರಿಯಲ್ಲಿ ಉಂಟು. ಇಂಥವರನ್ನು ನಂಬಿಕೆ ಸಾಲದವರೆಂದು ಹೇಳುವದು, ಜ್ವರ ಬಂದವನನ್ನು ಸೋಮಾರಿಯೆಂದು ಹೇಳಿದಂತಾಗುವದು.

೨. ಕ್ಯಾನ್ಸರ್ ರೋಗದ ಮನೆಯ ವಿಶೇಷ ಭಾರಗಳು

ಕ್ಯಾನ್ಸರಿನ ಮರಣವು ಸಿಡಿಲಿನಂತೆ ಒಂದೇ ಗಳಿಗೆಯಲ್ಲಿ ಬರುವದು ಅಪರೂಪ. ಅನೇಕ ತಿಂಗಳು, ಕೆಲವು ಸಾರಿ ವರುಷಗಳ ತನಕ ಮನೆಯವರು ಅದರೊಂದಿಗೆ ಹೋರಾಡಿರುತ್ತಾರೆ. ಕಡೆಗೆ ಊರವರು, "ಬಹಳ ನರಳಿದರು, ಬಿಡುಗಡೆಯಾಯಿತು" ಎಂದು ಹೇಳಿ ಸಮಾಧಾನಪಡುತ್ತಾರೆ. ಆದರೆ ರೋಗಿಗೆ ಬಿಡುಗಡೆಯಾದ ದಿನವೇ ಮನೆಯವರ ಭಾರವೆಲ್ಲವೂ ಒಟ್ಟಾಗಿ ಮೇಲೆ ಬೀಳುತ್ತದೆ. ಆ ಭಾರಗಳು ಯಾವವೆಂದರೆ:

ಮೊದಲನೆಯದು ದೇಹದ ಬಳಲಿಕೆ. ರೋಗಿಯನ್ನು ನೋಡಿಕೊಂಡವಳು ಸಾಧಾರಣವಾಗಿ ಹೆಂಡತಿ, ಮಗಳು ಇಲ್ಲವೆ ಸೊಸೆ. ಹುಣ್ಣನ್ನು ತೊಳೆದು, ರಾತ್ರಿಯೆಲ್ಲಾ ಎಚ್ಚರವಿದ್ದು, ಹಗಲು ಹೊಲದ ಕೆಲಸವನ್ನೂ ಮಾಡಿದ ಆ ದೇಹವು ಮರಣವಾದ ಮರುವಾರವೇ ಕೂಲಿಗೆ ಹೋಗಬೇಕಾಗುತ್ತದೆ.

ಎರಡನೆಯದು ಸಾಲ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥ ದೊಡ್ಡ ಸ್ಥಳಕ್ಕೆ ದೂರದ ಹಳ್ಳಿಯಿಂದ ಹೋಗಿ ಬರುವದಾದರೆ, ಚಿಕಿತ್ಸೆಯ ವೆಚ್ಚದ ಹೊರತಾಗಿ ದಾರಿಯ ಖರ್ಚು, ಉಳುಕೊಳ್ಳುವ ಖರ್ಚು, ಕಳೆದುಹೋದ ಕೂಲಿ ಇವೆಲ್ಲಾ ಸೇರುತ್ತವೆ. ಒಡವೆಯು ಗಿರವಿಗೆ ಹೋಗಿರುತ್ತದೆ, ಎತ್ತು ಮಾರಿಹೋಗಿರುತ್ತದೆ, ಸಂಘದ ಕಂತು ನಿಂತಿರುತ್ತದೆ. ದುಃಖಪಡುವದಕ್ಕೂ ಬಿಡುವಿಲ್ಲದ ಮನೆ ಇದು.

ಮೂರನೆಯದು ಮುಚ್ಚಿಟ್ಟ ಮಾತು. ನಮ್ಮ ಸೀಮೆಯಲ್ಲಿ ರೋಗದ ಹೆಸರನ್ನು ರೋಗಿಗೆ ತಿಳಿಸದೆ ಇಡುವ ಮನೆಗಳು ಅನೇಕ. ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆ. ಆದರೆ ಮರಣವಾದ ಮೇಲೆ, "ಅವರಿಗೆ ಗೊತ್ತಿತ್ತೋ ಇಲ್ಲವೋ, ಕಡೆಗೆ ಒಂದು ಮಾತನ್ನಾದರೂ ಕೇಳಬಹುದಾಗಿತ್ತು" ಎಂಬ ವ್ಯಥೆಯು ಉಳಿದವರನ್ನು ತಿನ್ನುತ್ತದೆ.

ನಾಲ್ಕನೆಯದು ತನ್ನನ್ನು ತಾನೇ ದೂರಿಕೊಳ್ಳುವದು. "ಗಡ್ಡೆಯನ್ನು ನೋಡಿದ ದಿನವೇ ಕರಕೊಂಡು ಹೋಗಿದ್ದರೆ" ಎಂದು ಒಬ್ಬನು ಹೇಳಿಕೊಳ್ಳುತ್ತಾನೆ. "ಆ ರಾತ್ರಿ ನಾನು ನೋವಿನ ಔಷಧವನ್ನು ಕೊಟ್ಟೆ, ಬೆಳಗಾಗುವದರೊಳಗೆ ಉಸಿರು ನಿಂತಿತು" ಎಂದು ಇನ್ನೊಬ್ಬಳು ಯಾರಿಗೂ ಹೇಳದೆ ನಡುಗುತ್ತಾಳೆ. ವೈದ್ಯರು ಹೇಳಿದ ಅಳತೆಯಲ್ಲಿ ಕೊಟ್ಟ ಮಾರ್ಫಿನ್ ಔಷಧವು ನೋವನ್ನು ತಗ್ಗಿಸುವದಕ್ಕಾಗಿ ಇರುವಂಥದ್ದು. ಮರಣಕ್ಕೆ ಕಾರಣವಾದದ್ದು ರೋಗವೇ. ಈ ಒಂದು ಮಾತನ್ನು ಆಸ್ಪತ್ರೆಯ ದಾದಿಯಿಂದಲೋ ವೈದ್ಯರಿಂದಲೋ ಆಕೆಗೆ ಹೇಳಿಸಿದರೆ ದೊಡ್ಡ ಕಲ್ಲನ್ನು ಎದೆಯಿಂದ ಎತ್ತಿಹಾಕಿದ ಹಾಗಾಗುವದು.

ಐದನೆಯದು ಜನರ ಬಾಯಿ. ಕ್ಯಾನ್ಸರ್ ರೋಗವು ಮುಟ್ಟುವದರಿಂದಲೂ ಒಟ್ಟಿಗೆ ಉಣ್ಣುವದರಿಂದಲೂ ಹರಡುವಂಥದ್ದಲ್ಲ. ಆದರೂ ಆ ಮನೆಯ ಪಾತ್ರೆಯಲ್ಲಿ ನೀರು ಕುಡಿಯದವರು, ಆ ಮನೆಯ ಹೆಣ್ಣನ್ನು ತರಲು ಹಿಂಜರಿಯುವವರು ಇದ್ದಾರೆ. ಹೊಸದಾಗಿ ಸಭೆಗೆ ಸೇರಿದ ಕುಟುಂಬವಾದರೆ, "ಮನೆದೇವರನ್ನು ಬಿಟ್ಟದ್ದರಿಂದಲೇ ಹೀಗಾಯಿತು" ಎಂದು ಒಂದು ಕಡೆಯ ಬಂಧುಗಳು ಹೇಳುವರು. "ಏನೋ ಗುಪ್ತವಾದ ಪಾಪ ಇದ್ದಿರಬೇಕು" ಎಂದು ಸಭೆಯೊಳಗಿನವರೇ ಪಿಸುಗುಟ್ಟುವರು. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ ಪ್ರಶ್ನೆಯೂ ಇದೇ. ಅವರಿಗೆ ದೊರೆತ ಉತ್ತರವನ್ನು ನಾವೆಲ್ಲರೂ ಬಲ್ಲೆವು. ಬಲ್ಲವರು ಆ ಪಿಸುಮಾತನ್ನು ಬಾಯಿಗೆ ತರಬಾರದು.

೩. ಮೆಲ್ಬರ್ನ್ ಪಟ್ಟಣದ ೧೧೫ ಕುಟುಂಬಗಳು

ಯಾವ ಮನೆಯು ಕುಸಿಯುವದು, ಯಾವದು ನಿಲ್ಲುವದು ಎಂಬದನ್ನು ಮುಂಚಿತವಾಗಿ ತಿಳಿಯಬಹುದೋ? ಈ ಪ್ರಶ್ನೆಯನ್ನು ಆಸ್ಟ್ರೇಲಿಯಾ ದೇಶದ ಮೆಲ್ಬರ್ನ್ ಪಟ್ಟಣದಲ್ಲಿ ಡೇವಿಡ್ ಕಿಸ್ಸೇನ್, ಸಿಡ್ನಿ ಬ್ಲಾಕ್ ಎಂಬ ಮನೋವೈದ್ಯರೂ ಅವರ ಜೊತೆಗಾರರೂ ಬಹಳ ತಾಳ್ಮೆಯಿಂದ ಪರಿಶೀಲಿಸಿದರು. ತಂದೆಯನ್ನೋ ತಾಯಿಯನ್ನೋ ಕ್ಯಾನ್ಸರಿನಿಂದ ಕಳಕೊಂಡ ೧೧೫ ಕುಟುಂಬಗಳನ್ನು ಅವರು ಮರಣವಾದ ಆರು ವಾರಗಳಿಗೆ ಒಮ್ಮೆ, ಆರು ತಿಂಗಳಿಗೆ ಒಮ್ಮೆ, ಹದಿಮೂರು ತಿಂಗಳಿಗೆ ಒಮ್ಮೆ ವಿಚಾರಿಸಿ, ೧೯೯೬ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಒಬ್ಬೊಬ್ಬ ಮನುಷ್ಯನನ್ನು ಬೇರೆ ಬೇರೆಯಾಗಿ ನೋಡುವದರ ಬದಲು ಇಡೀ ಮನೆಯನ್ನು ಒಂದಾಗಿ ನೋಡಿದ್ದು ಅವರ ವಿಶೇಷ.

ಅವರು ಮೂರು ಸಂಗತಿಗಳನ್ನು ಮುಖ್ಯವಾಗಿ ಕೇಳಿದರು: ಮನೆಯವರು ಒಬ್ಬರಿಗೊಬ್ಬರು ಒತ್ತಾಗಿ ನಿಲ್ಲುತ್ತಾರೋ? ಮನಸ್ಸಿನಲ್ಲಿರುವದನ್ನು ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳುತ್ತಾರೋ? ಭಿನ್ನಾಭಿಪ್ರಾಯ ಬಂದಾಗ ಅದನ್ನು ಹೇಗೆ ತೀರಿಸಿಕೊಳ್ಳುತ್ತಾರೆ? ಈ ಮೂರರ ಪ್ರಕಾರ ಕುಟುಂಬಗಳು ಐದು ತರವಾಗಿ ಕಂಡುಬಂದವು.

ಮೊದಲನೆಯವು ಒಬ್ಬರನ್ನೊಬ್ಬರು ಎತ್ತಿಹಿಡಿಯುವ ಕುಟುಂಬಗಳು. ಒಟ್ಟಿನಲ್ಲಿ ಮೂರರಲ್ಲಿ ಒಂದು ಪಾಲು ಇಂಥವೇ. ಎರಡನೆಯವು ಜಗಳವಿದ್ದರೂ ಅದನ್ನು ಬಗೆಹರಿಸಿಕೊಳ್ಳಬಲ್ಲ ಕುಟುಂಬಗಳು. ಇವು ಸುಮಾರು ಕಾಲು ಪಾಲು. ಈ ಎರಡೂ ತರದವರು ದುಃಖವನ್ನು ಚೆನ್ನಾಗಿ ದಾಟಿದರು. ಮೂರನೆಯವು ನಡುವಣ ಸ್ಥಿತಿಯವು. ನಾಲ್ಕನೆಯವು ಹಗೆತನದ ಕುಟುಂಬಗಳು: ಒಗ್ಗಟ್ಟಿಲ್ಲ, ಮಾತಿಲ್ಲ, ಜಗಳವು ಬಹಳ, ಸಹಾಯಕ್ಕೆ ಬಂದವರನ್ನೂ ದೂರ ತಳ್ಳುವವರು. ಐದನೆಯವು ಬಿಗಿದ ಬಾಯಿಯ ಮುನಿಸಿನ ಕುಟುಂಬಗಳು: ಹೊರಗೆ ಗದ್ದಲವಿಲ್ಲ, ಒಳಗೆ ಕೋಪವು ಬೂದಿ ಮುಚ್ಚಿದ ಕೆಂಡದಂತೆ ಇರುವದು.

ಪ್ರಿಯ ವಾಚಕರೇ, ಇಲ್ಲಿ ಚೆನ್ನಾಗಿ ಗಮನಿಸಿರಿ. ಎಲ್ಲರಿಗಿಂತಲೂ ತೀವ್ರವಾದ ದುಃಖ, ಎಲ್ಲರಿಗಿಂತಲೂ ಹೆಚ್ಚಿನ ಮನೋವ್ಯಾಧಿ ಕಂಡುಬಂದದ್ದು ಜಗಳಾಡುವ ಮನೆಯಲ್ಲಲ್ಲ. ಈ ಐದನೆಯ ಮೌನದ ಮನೆಯಲ್ಲಿ. ನಾವಾದರೋ ಗದ್ದಲವಿರುವ ಮನೆಗೆ ಓಡಿಹೋಗುತ್ತೇವೆ. ಎದೆ ಬಡಿದುಕೊಂಡು ಅಳುವವಳನ್ನು ಸುತ್ತುಗಟ್ಟುತ್ತೇವೆ. "ಏನಿಲ್ಲ, ನಾವೆಲ್ಲಾ ಚೆನ್ನಾಗಿದ್ದೇವೆ" ಎಂದು ನಡುಮನೆಯಲ್ಲಿ ಕುಳಿತು ಹೇಳುವ ಮನೆಯನ್ನು ಧೈರ್ಯವುಳ್ಳ ಮನೆಯೆಂದು ಹೊಗಳಿ ಮುಂದೆ ಹೋಗುತ್ತೇವೆ. ಯೆರೂಸಲೇಮಿನಲ್ಲಿ ಆದ ಹಾಗೆ, ಹಂಚುವ ಕೈಯು ಅಲ್ಲಿಯೇ ತಪ್ಪಿಹೋಗುತ್ತದೆ.

ಅದೇ ವೈದ್ಯರು ಮುಂದೆ, ರೋಗಿಯು ಇನ್ನೂ ಜೀವದಿಂದಿರುವಾಗಲೇ ಹನ್ನೆರಡು ಚಿಕ್ಕ ಪ್ರಶ್ನೆಗಳಿಂದ ಅಪಾಯದಲ್ಲಿರುವ ಕುಟುಂಬಗಳನ್ನು ಆರಿಸಿ, ೮೧ ಕುಟುಂಬಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರನ್ನು ಒಟ್ಟಿಗೆ ಕೂಡಿಸಿ ಹಲವು ಸಾರಿ ಮಾತನಾಡಿಸಿದರು. ೨೦೦೬ರಲ್ಲಿ ಪ್ರಕಟವಾದ ಫಲವೇನಂದರೆ, ಒಟ್ಟಿನ ಗುಣವು ಸಾಧಾರಣವಾಗಿದ್ದರೂ, ಹೆಚ್ಚಾಗಿ ಕುಗ್ಗಿಹೋಗಿದ್ದವರಿಗೂ ಮುನಿಸಿನ ಕುಟುಂಬದವರಿಗೂ ಅದರಿಂದ ಪ್ರಯೋಜನವಾಯಿತು; ಹಗೆತನದ ಕುಟುಂಬದವರ ಕುಗ್ಗುವಿಕೆಯಾದರೋ ತಗ್ಗಲಿಲ್ಲ. ತರುವಾಯ ನ್ಯೂಯಾರ್ಕ್ ಪಟ್ಟಣದಲ್ಲಿ ೧೭೦ ಕುಟುಂಬಗಳೊಂದಿಗೆ ಹೀಗೆಯೇ ಮಾಡಿ ೨೦೧೬ರಲ್ಲಿ ಪ್ರಕಟಿಸಿದಾಗ, ಶಿಕ್ಷಣ ಹೊಂದಿದವರು ಹತ್ತು ಸಾರಿ ಕೂಡಿಸಿದ ಮನೆಗಳಲ್ಲಿ ಜಗಳದ ಮನೆಗಳಿಗೂ ಗುಣ ಕಂಡಿತು. ಇದರಿಂದ ನಾವು ಕಲಿಯತಕ್ಕದ್ದು: ಮೌನದ ಮನೆಗೆ ನೆರೆಯವರ ತಾಳ್ಮೆಯು ಸಲ್ಲುವದು, ಹಗೆತನದ ಮನೆಗೆ ತಾಳ್ಮೆಯೂ ಬೇಕು, ತಿಳಿದವರ ಕೈಯೂ ಬೇಕು.

೪. ನಮ್ಮ ಹಳ್ಳಿಗಳಲ್ಲಿ ನೋಡತಕ್ಕ ಗುರುತುಗಳು

ಹಳ್ಳಿಯ ಮನೆಗೆ ಕಾಗದವನ್ನು ಹಿಡುಕೊಂಡು ಹೋಗಿ ಪ್ರಶ್ನೆ ಕೇಳುವದು ಸಲ್ಲದು. ಆದರೆ ಹೋಗಿ ಅರ್ಧ ಗಂಟೆ ಕುಳಿತವರಿಗೆ ಕಣ್ಣಿದ್ದರೆ ಈ ಕೆಳಗಿನವು ತಾವಾಗಿಯೇ ಕಾಣುವವು.

(೧) ಸತ್ತವರ ಹೆಸರು ಆ ಮನೆಯಲ್ಲಿ ಕೇಳಿಬರುತ್ತದೋ? ನೀವು ಆ ಹೆಸರನ್ನು ಎತ್ತಿದಾಗ ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡಿ ಮಾತು ಬದಲಾಯಿಸಿದರೆ, ಅಲ್ಲಿ ದುಃಖವು ಬಂಧಿಯಾಗಿರುತ್ತದೆ.

(೨) ಒಟ್ಟಿಗೆ ಉಣ್ಣುತ್ತಾರೋ? ಮರಣದ ನಂತರ ಒಬ್ಬನು ಹೊಲದಲ್ಲಿಯೇ, ಒಬ್ಬಳು ಒಲೆಯ ಬಳಿಯಲ್ಲಿಯೇ, ಹಿರಿಯನು ಜಗಲಿಯಲ್ಲಿಯೇ ಉಂಡು ಏಳುವಂತಾದರೆ ಗುರುತಿಟ್ಟುಕೊಳ್ಳಿರಿ.

(೩) ಜಗಳವು ಯಾವದರ ಮೇಲೆ? ಆಸ್ಪತ್ರೆಯ ಖರ್ಚನ್ನು ಯಾರು ಕೊಟ್ಟರು, ರೋಗಿಯನ್ನು ಯಾರು ನೋಡಿಕೊಂಡರು, ಹೊಲವು ಯಾರಿಗೆ, ಸಮಾಧಿಯ ಕ್ರಮವು ಯಾರ ಪದ್ಧತಿಯಂತೆ ನಡೆಯಿತು ಎಂಬವುಗಳ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟಿರುವದುಂಟು.

(೪) ರೋಗಿಯ ಸೇವೆಯನ್ನು ಮಾಡಿದವಳ ಸ್ಥಾನವು ಈಗ ಏನು? ಅತ್ತೆಯ ಹುಣ್ಣನ್ನು ಎರಡು ವರುಷ ತೊಳೆದ ಸೊಸೆಯನ್ನು ದುಃಖಿಗಳ ಲೆಕ್ಕದಲ್ಲಿ ಯಾರೂ ಸೇರಿಸುವದಿಲ್ಲ. ಸಾಂತ್ವನದ ಮಾತೆಲ್ಲವೂ ಗಂಡುಮಕ್ಕಳಿಗೆ ಸಲ್ಲುತ್ತದೆ.

(೫) ಒಂಟಿಯಾಗಿ ಉಳಿದವರು ಯಾರು? ಸಣ್ಣ ಮಕ್ಕಳಿರುವ ವಿಧವೆ, ಮಗನನ್ನೋ ಮಗಳನ್ನೋ ಕಳಕೊಂಡ ತಂದೆತಾಯಿಗಳು, ಮುಪ್ಪಿನಲ್ಲಿ ಹೆಂಡತಿಯನ್ನು ಕಳಕೊಂಡ ಗಂಡಸು ಇವರನ್ನು ವಿಶೇಷವಾಗಿ ನೋಡಬೇಕು. ಕಾಲಿನ್ ಮರ್ರೆ ಪಾರ್ಕ್ಸ್ ಎಂಬ ಆಂಗ್ಲ ವೈದ್ಯರೂ ಅವರ ಜೊತೆಗಾರರೂ ೫೫ ವರುಷ ದಾಟಿದ ೪,೪೮೬ ವಿಧುರರ ಲೆಕ್ಕವನ್ನು ತೆಗೆದು ೧೯೬೯ರಲ್ಲಿ ತೋರಿಸಿದ್ದೇನಂದರೆ, ಹೆಂಡತಿ ಸತ್ತ ಮೊದಲಿನ ಆರು ತಿಂಗಳಲ್ಲಿ ಅವರ ಮರಣಗಳು ಅದೇ ವಯಸ್ಸಿನ ಹೆಂಡತಿಯುಳ್ಳವರ ಮರಣಗಳಿಗಿಂತ ನೂರಕ್ಕೆ ನಾಲ್ವತ್ತರಷ್ಟು ಹೆಚ್ಚಾಗಿದ್ದವು. ಗಂಡಸು ಅಳುವದಿಲ್ಲವೆಂದು ಅವನನ್ನು ಬಿಟ್ಟುಬಿಡಬಾರದು.

(೬) ಮೊದಲಿನಿಂದ ಇದ್ದ ಕಷ್ಟಗಳು: ಕುಡಿತ, ಹಿಂದೆ ಬಂದಿದ್ದ ಮನೋರೋಗ, ಸ್ವಲ್ಪ ಕಾಲದೊಳಗೆ ಆದ ಮತ್ತೊಂದು ಮರಣ, ತೀರದ ಸಾಲ.

(೭) ಮಕ್ಕಳು. "ಅಪ್ಪ ಊರಿಗೆ ಹೋಗಿದ್ದಾರೆ" ಎಂದು ಹೇಳಿ ಸುಮ್ಮನಿರಿಸಿದ ಮಗುವು ಶಾಲೆಯಲ್ಲಿ ಹಿಂದೆ ಬೀಳುವದು, ರಾತ್ರಿ ಹಾಸಿಗೆಯನ್ನು ಒದ್ದೆಮಾಡುವದು, ತಾಯಿಯ ಸೆರಗನ್ನು ಬಿಡದಿರುವದು ಇವು ಗುರುತುಗಳು. ಉಪಾಧ್ಯಾಯರನ್ನು ಕೇಳಿದರೆ ಅವರು ಮೊದಲೇ ಕಂಡಿರುತ್ತಾರೆ.

ಇನ್ನೊಂದು ಮಾತು. ಮನೆಯ ಯಜಮಾನನೊಬ್ಬನನ್ನೇ ಕೇಳಿ ತೀರ್ಮಾನಿಸಬೇಡಿರಿ. ಮೆಲ್ಬರ್ನಿನ ವೈದ್ಯರು ಮನೆಯವರಲ್ಲಿ ಒಬ್ಬರಾದರೂ ಕಷ್ಟವಿದೆಯೆಂದು ಸೂಚಿಸಿದರೆ ಆ ಮನೆಯನ್ನು ಅಪಾಯದ ಮನೆಯೆಂದು ಎಣಿಸುತ್ತಿದ್ದರು. ನಾವೂ ಹಾಗೆಯೇ ಮಾಡಬೇಕು. ಬಾವಿಯ ಬಳಿ ಸೊಸೆಯು ಹೇಳಿದ ಅರ್ಧ ಮಾತು, ಜಗಲಿಯಲ್ಲಿ ಮಾವನು ಹೇಳಿದ ಹತ್ತು ಮಾತುಗಳಿಗಿಂತ ಹೆಚ್ಚು ತಿಳಿಸಬಹುದು.

೫. ಯಾವಾಗ ನೋಡಬೇಕು?

ರೋಗಿಯು ಇನ್ನೂ ಮಲಗಿರುವಾಗಲೇ ನೋಡುವದಕ್ಕೆ ಪ್ರಾರಂಭಿಸುವದು ಒಳ್ಳೇದು. ಆಗ ಮನೆಯವರು ಹೇಗೆ ಒಬ್ಬರಿಗೊಬ್ಬರು ಕೈಕೊಡುತ್ತಾರೋ ಮುಂದೆಯೂ ಹೆಚ್ಚಾಗಿ ಹಾಗೆಯೇ ಇರುವರು. ಮರಣವಾದ ಮೇಲೆ ಮೂರು ಭೇಟಿಗಳನ್ನು ಸಭೆಯು ನೇಮಿಸಿಕೊಳ್ಳಲಿ: ಆರನೆಯ ವಾರದಲ್ಲಿ ಒಂದು, ಆರನೆಯ ತಿಂಗಳಲ್ಲಿ ಒಂದು, ಹದಿಮೂರನೆಯ ತಿಂಗಳಲ್ಲಿ ಒಂದು. ಆರನೆಯ ವಾರವು ಊರವರ ಬರುವಿಕೆ ನಿಲ್ಲುವ ಹೊತ್ತು. ಆರನೆಯ ತಿಂಗಳು ದುಃಖವು ಇಳಿಯುತ್ತದೋ ಬೇರೂರುತ್ತದೋ ಎಂದು ತಿಳಿಯುವ ಹೊತ್ತು. ಹದಿಮೂರನೆಯ ತಿಂಗಳಲ್ಲಿ ವರುಷದ ದಿನವು ದಾಟಿರುತ್ತದೆ. ಒಂದು ಕ್ರಿಸ್ಮಸ್ ಹಬ್ಬವೂ ಒಂದು ಸುಗ್ಗಿಯೂ ಆ ಮನುಷ್ಯನಿಲ್ಲದೆ ಕಳೆದಿರುತ್ತವೆ.

ಇದಕ್ಕೆ ಹೊಸ ಪುಸ್ತಕ ಬೇಕಾಗಿಲ್ಲ. ಸಭೆಯ ಸಮಾಧಿಯ ರಿಜಿಸ್ಟರಿನಲ್ಲಿ ಹೆಸರನ್ನು ಬರೆಯುವ ದಿನವೇ ಅದರ ಬದಿಯಲ್ಲಿ ಈ ಮೂರು ತಾರೀಖುಗಳನ್ನು ಬರೆದು, ಹೋಗತಕ್ಕ ಇಬ್ಬರ ಹೆಸರನ್ನೂ ಬರೆದಿಡಿರಿ. ಬರೆದಿಡದ ಪ್ರೀತಿಯು ಬಿತ್ತನೆಯ ಕಾಲ ಬಂದಾಗ ಮರೆತುಹೋಗುವದು. ಆ ಮನೆಯ ಗುಟ್ಟುಗಳನ್ನು ಮಾತ್ರ ಯಾವ ಪುಸ್ತಕದಲ್ಲಿಯೂ ಬರೆಯಬಾರದು.

ಇದು ಸಾಮಾನ್ಯ ಜನರ ಕೈಯಲ್ಲಿ ಆಗುವ ಕೆಲಸವೋ ಎಂದು ಕೆಲವರು ಕೇಳಬಹುದು. ಆಗುತ್ತದೆ. ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆಯು ೧೯೬೭ರಲ್ಲಿ ಲಂಡನ್ ಪಟ್ಟಣದಲ್ಲಿ ಸ್ಥಾಪಿಸಿದ ಸಂತ ಕ್ರಿಸ್ಟೊಫರನ ಆಶ್ರಯಾಲಯದಲ್ಲಿ, ಮೇಲೆ ಹೇಳಿದ ಪಾರ್ಕ್ಸ್ ಎಂಬವರು, ಮರಣದ ನಂತರ ಕಷ್ಟಕ್ಕೆ ಬೀಳಬಹುದಾದವರನ್ನು ಆರಿಸಿ, ತರಬೇತು ಹೊಂದಿದ ಸ್ವಯಂಸೇವಕರನ್ನು ಅವರ ಮನೆಗಳಿಗೆ ಕಳುಹಿಸಿದರು. ಅಂಥ ಭೇಟಿ ದೊರೆತವರು ದೊರೆಯದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರೆಂದು ೧೯೮೧ರಲ್ಲಿ ಪ್ರಕಟವಾಯಿತು. ನಮ್ಮ ನೆರೆಯ ಕೇರಳದಲ್ಲಿಯೂ ೧೯೯೩ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾದ ನೋವು ಶಮನದ ಸೇವೆಯು ಬೆಳೆದು, ಊರೂರಿನ ನೆರೆಯವರೇ ರೋಗಿಗಳ ಮನೆಗೆ ಹೋಗಿ ಬರುವ ಏರ್ಪಾಡಾಯಿತು. ಬೆಂಗಳೂರಿನಲ್ಲಿ ಕರುಣಾಶ್ರಯವು ಗುಣವಾಗದ ಹಂತವನ್ನು ಮುಟ್ಟಿದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ.

೬. ಗುರುತಿಸಿದ ಮೇಲೆ ಮಾಡತಕ್ಕದ್ದು

ಒಗ್ಗಟ್ಟಿನ ಮನೆಗೆ: ಹೆಚ್ಚು ಮಾಡಬೇಕಾದದ್ದಿಲ್ಲ. ಮೂರು ಭೇಟಿಗಳು ಸಾಕು.

ಮೌನದ ಮನೆಗೆ: ಇಬ್ಬರು ಹೋಗಲಿ; ಅವರಲ್ಲಿ ಒಬ್ಬಳು ಸ್ತ್ರೀಯಾಗಿರಲಿ. ಸತ್ತವರ ಹೆಸರನ್ನು ಮೊದಲು ನೀವೇ ಎತ್ತಿರಿ. "ಅಕ್ಕಾ, ನಿಮ್ಮ ಯಜಮಾನರು ನಾಟಿಯ ಕಾಲದಲ್ಲಿ ಎಲ್ಲರಿಗಿಂತ ಮುಂಚೆ ಗದ್ದೆಗೆ ಇಳಿಯುತ್ತಿದ್ದರಲ್ಲವೇ?" ಎಂದು ಕೇಳಿ ಸುಮ್ಮನಿರಿ. ತರುವಾಯ, "ರಾತ್ರಿ ನಿದ್ದೆ ಬರುತ್ತದೋ? ಉಣ್ಣುವದಕ್ಕೆ ಮನಸ್ಸಾಗುತ್ತದೋ?" ಎಂದು ಕೇಳಿರಿ. ಉತ್ತರ ಬಾರದಿದ್ದರೆ ಒತ್ತಾಯಪಡಿಸದೆ ಮುಂದಿನ ವಾರ ಬರುತ್ತೇವೆಂದು ಹೇಳಿ, ಹೇಳಿದ ದಿನವೇ ಹೋಗಿರಿ. ಎರಡು ಮೂರು ಭೇಟಿಗಳ ಮೇಲೆ ಮನೆಯವರು ಒಟ್ಟಿಗೆ ಕುಳಿತಿರುವ ಹೊತ್ತಿನಲ್ಲಿ ಆ ಮಾತು ಬಂದರೆ, ಅದೇ ಗುಣದ ಮೊದಲು.

ಹಗೆತನದ ಮನೆಗೆ: ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ ಪಂಚಾಯಿತಿ ಮಾಡಬೇಡಿರಿ, ಬೆಂಕಿಯನ್ನು ಕೆದಕಿದಂತಾದೀತು. ಒಬ್ಬೊಬ್ಬರನ್ನು ಬೇರೆಬೇರೆಯಾಗಿ ಕಾಣಿರಿ. ಒಬ್ಬನ ಮಾತನ್ನು ಇನ್ನೊಬ್ಬನಿಗೆ ಒಯ್ಯಬೇಡಿರಿ. ಹೊಲದ ವ್ಯಾಜ್ಯವನ್ನು ದುಃಖದ ಭೇಟಿಯಲ್ಲಿ ಎತ್ತಬೇಡಿರಿ.

ಎಲ್ಲಾ ಮನೆಗಳಿಗೂ ಕೈಯ ಸಹಾಯವು ಬಾಯಿಯ ಸಹಾಯಕ್ಕಿಂತ ಮುಂಚೆ ಹೋಗಬೇಕು. ಮರಣವನ್ನು ೨೧ ದಿನಗಳೊಳಗೆ ನೋಂದಾಯಿಸಿ ಪತ್ರವನ್ನು ಪಡೆಯುವದು, ಅರ್ಹಳಾದ ವಿಧವೆಗೆ ಸರಕಾರದ ವಿಧವಾ ವೇತನಕ್ಕಾಗಿ ನಾಡಕಚೇರಿಗೆ ಜೊತೆಯಲ್ಲಿ ಹೋಗುವದು, ಸಾಲ ಕೊಟ್ಟವರ ಹತ್ತಿರ ಸ್ವಲ್ಪ ಅವಧಿಯನ್ನು ಕೇಳುವದು, ಉಳುವ ದಿನ ಒಂದು ಜೋಡಿ ಎತ್ತನ್ನು ಕಳುಹಿಸುವದು ಇವೆಲ್ಲಾ ದುಃಖದ ಭಾರವನ್ನೇ ಕಡಿಮೆಮಾಡುವವು.

ಕೆಲವು ಗುರುತುಗಳು ಕಂಡರೆ ತಡಮಾಡದೆ ವೈದ್ಯರ ಬಳಿಗೆ ಕರಕೊಂಡು ಹೋಗಬೇಕು. ಅವು ಯಾವವೆಂದರೆ: ತಾನೂ ಹೋಗಿಬಿಟ್ಟರೆ ಒಳ್ಳೇದೆಂದು ಹೇಳುವದು, ದಿನಗಟ್ಟಲೆ ಉಣ್ಣದೆ ಹಾಸಿಗೆಯನ್ನು ಬಿಡದಿರುವದು, ಕುಡಿತವು ಹೆಚ್ಚುವದು, ಆರು ತಿಂಗಳಾದರೂ ಯಾವ ಕೆಲಸಕ್ಕೂ ಕೈಹಚ್ಚಲಾರದಿರುವದು. "ಸಾಯಬೇಕೆಂಬ ಯೋಚನೆ ಬರುತ್ತದೋ?" ಎಂದು ಮೃದುವಾಗಿ ನೇರವಾಗಿ ಕೇಳಬಹುದು, ಕೇಳಿದ್ದರಿಂದ ಆ ಯೋಚನೆಯು ಹುಟ್ಟುವದಿಲ್ಲ, ಹೇಳಿಕೊಳ್ಳುವದಕ್ಕೆ ಬಾಗಿಲು ತೆರೆಯುವದು. ಅಂಥ ಮನೆಯಲ್ಲಿ ಬೆಳೆಗೆ ಹೊಡೆಯುವ ವಿಷದ ಔಷಧಗಳನ್ನು ಇಡಗೊಡದೆ ಬೇರೆ ಕಡೆಗೆ ಸಾಗಿಸಿರಿ. ಆ ಮನುಷ್ಯನನ್ನು ಒಂಟಿಯಾಗಿ ಬಿಡಬೇಡಿರಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಸರಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ಸೇವೆಗೆ ೧೪೪೧೬ ಎಂಬ ಸಂಖ್ಯೆಗೆ ಫೋನು ಮಾಡಿದರೆ ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತನಾಡಬಹುದು.

೭. ಮಾಡಬಾರದವುಗಳು

ಯೋಬನ ಮೂವರು ಸ್ನೇಹಿತರು ದೂರದಿಂದ ಬಂದು, ಏಳು ದಿನ ಏಳು ರಾತ್ರಿ ಅವನ ಸಂಗಡ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅಲ್ಲಿಯ ತನಕ ಅವರು ಒಳ್ಳೇ ಸ್ನೇಹಿತರಾಗಿದ್ದರು. ಅವರು ತಪ್ಪಿದ್ದು, ಬಾಯಿ ತೆರೆದು ಅವನ ಕಷ್ಟಕ್ಕೆ ಕಾರಣವನ್ನು ಹುಡುಕಲು ತೊಡಗಿದಾಗ. ಆದಕಾರಣ ನಾವು ಕಾರಣವನ್ನು ಹುಡುಕಬಾರದು. "ದೇವರ ಚಿತ್ತ, ಅಳಬೇಡಮ್ಮಾ" ಎಂದು ಹೇಳಿ ಅಳುವಿಕೆಯನ್ನು ನಿಲ್ಲಿಸಬಾರದು. ಬೇರೆ ಮನೆಯ ಮರಣದ ಕಥೆಯನ್ನು ಹೇಳಿ ಇವರ ದುಃಖವನ್ನು ಅಳೆಯಬಾರದು. ಒಂದು ಮನೆಯ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಪ್ರಾರ್ಥನಾಕೂಟದಲ್ಲಿ ಎತ್ತಿ ಅವರ ಗುಟ್ಟನ್ನು ಬಯಲು ಮಾಡಬಾರದು. ಪ್ರಾರ್ಥಿಸುವದಕ್ಕೆ ಕೇಳಿಕೊಂಡರೆ ಚಿಕ್ಕದಾಗಿ ಪ್ರಾರ್ಥಿಸಿ ಎದ್ದು ಬರಬೇಕು.

ಪ್ರಿಯರೇ, ನಿಮ್ಮ ಸಭೆಯ ರಿಜಿಸ್ಟರನ್ನು ಈ ತಿಂಗಳು ಒಮ್ಮೆ ತೆರೆದು ನೋಡಿರಿ. ಕಳೆದ ಹದಿಮೂರು ತಿಂಗಳಲ್ಲಿ ಕ್ಯಾನ್ಸರಿನಿಂದ ತೀರಿಹೋದವರ ಮನೆಗಳು ಎಷ್ಟಿವೆ? ಅವುಗಳಲ್ಲಿ ನೀವು ಕಡೆಯ ಸಾರಿ ಹೋದದ್ದು ಎಂದು? "ಆ ಮನೆಯವರು ಚೆನ್ನಾಗಿದ್ದಾರೆ" ಎಂದು ನೀವು ಯಾವ ಮನೆಯನ್ನು ಕುರಿತು ಹೇಳುತ್ತೀರೋ, ಆ ಮನೆಗೆ ಈ ಭಾನುವಾರದ ಆರಾಧನೆಯ ನಂತರ ಮೊದಲು ಹೋಗಿರಿ.

ಪ್ರಶ್ನೆಗಳು

೧. ಯೆರೂಸಲೇಮಿನ ಸಭೆಯಲ್ಲಿ ಕೆಲವು ವಿಧವೆಯರು ಯಾಕೆ ಬಿಟ್ಟುಹೋದರು? ನಮ್ಮ ಸಭೆಯಲ್ಲಿ ಹಾಗೆ ಬಿಟ್ಟುಹೋಗುವವರು ಯಾರು?

೨. ಕ್ಯಾನ್ಸರಿನ ಮರಣವಾದ ಮನೆಯ ಐದು ಭಾರಗಳನ್ನು ಹೇಳಿರಿ.

೩. ಮೆಲ್ಬರ್ನಿನ ವೈದ್ಯರು ಕಂಡ ಐದು ತರದ ಕುಟುಂಬಗಳು ಯಾವವು? ಅತಿ ತೀವ್ರವಾದ ದುಃಖವು ಯಾವದರಲ್ಲಿತ್ತು?

೪. ಮನೆಯ ಯಜಮಾನನೊಬ್ಬನನ್ನೇ ಕೇಳಿದರೆ ಯಾಕೆ ಸಾಲದು?

೫. ಮೂರು ಭೇಟಿಗಳು ಯಾವ ಯಾವ ಕಾಲದಲ್ಲಿ ಆಗಬೇಕು? ನಿಮ್ಮ ಸಭೆಯಲ್ಲಿ ಯಾರು ಯಾರು ಹೋಗುವರು?

೬. ಯಾವ ಗುರುತುಗಳು ಕಂಡಾಗ ವೈದ್ಯರ ಬಳಿಗೆ ಹೋಗಬೇಕು?